ಬಾಡಿದ ಕುಂಡವನ್ನು ಬಚ್ಚಿಡಬೇಡಿ

"ಶನಿವಾರ ಬರ್ತೀನಿ ಮೇಡಮ್ಮಾರೆ. ಟಿ.ಸಿ. ಬರೆದಿಟ್ಟಿರ್ರಿ."

ಮಾಡದಕೆರೆ ಹತ್ತಿರದ ಒಂದು ಸರ್ಕಾರಿ ಶಾಲೆ. ಬಾಗಿಲಲ್ಲಿ ನಿಂತು ರಂಗಯ್ಯ ಹೀಗೆಂದಾಗ ಐದನೇ ತರಗತಿಯ ಟೀಚರ್ ಮಮತಾ ಕುರ್ಚಿ ಮುಂದಕ್ಕೆ ಎಳೆದರು. ರಂಗಯ್ಯ ಕುರಿ ಸಾಕುವವರು. ಮಗಳು ದೇವಿಕಾ ಅದೇ ತರಗತಿಯಲ್ಲಿದ್ದಾಳೆ.

"ಯಾಕೆ ರಂಗಯ್ಯನೋರೆ, ಕುಂತ್ಕಳ್ರಿ."

"ಕುಂತ್ಕಳಾಕೆ ಬಂದಿಲ್ಲ. ಕುರಿ ಹಿಂದೆ ಅಲೆಯೋದು ನನಗೇ ಮುಗೀಲಿ ಅಂತ ಮಗಳನ್ನ ಇಸ್ಕೂಲಿಗೆ ಕಳಿಸಿದ್ರೆ, ನೀವು ಕುರಿ ಹಿಕ್ಕೆ ಆರಿಸ್ಕಂಡು ಬಾ ಅಂತೀರಲ್ಲ! ಪುಸ್ತಕ ಓದೋದು ಯಾವಾಗ? ಹೊಸದುರ್ಗದ ಕಾನ್ವೆಂಟಿಗೆ ಹಾಕ್ತೀನಿ."

ಮಮತಾ ಹೊಸದಾಗಿ ಯೋಜನಾ ಆಧಾರಿತ ಕಲಿಕೆಯ ತರಬೇತಿ ಪಡೆದಿದ್ದರು. ಮಕ್ಕಳು ತಮ್ಮೂರಿನದೇ ಒಂದು ಪ್ರಶ್ನೆ ಹಿಡಿದು, ತಾವೇ ಮಾಡಿ, ಅಳೆದು, ಉತ್ತರ ಹುಡುಕಬೇಕು. ಇಲ್ಲಿ ರೈತರು ರಾತ್ರಿ ಹೊತ್ತು ಹೊಲದಲ್ಲಿ ಕುರಿ ಮಂದೆ ನಿಲ್ಲಿಸುತ್ತಾರೆ, ಗೊಬ್ಬರಕ್ಕೆ. "ಮಂದೆ ನಿಂತ ಹೊಲದಾಗೆ ರಾಗಿ ಯಾಕೆ ಚೆನ್ನಾಗಿ ಬರ್ತೈತೆ ಮಿಸ್?" ಎಂದು ಮಕ್ಕಳು ಕೇಳಿದ್ದರು. ಎರಡು ಕುಂಡಗಳಲ್ಲಿ ರಾಗಿ ಬಿತ್ತಿದ್ದರು. ಒಂದಕ್ಕೆ ಬರೀ ಮಣ್ಣು. ಇನ್ನೊಂದಕ್ಕೆ ಕುರಿ ಗೊಬ್ಬರ. "ನಮ್ ಕುರಿದು, ಇನ್ನೊಂದು ಹಿಡಿ ಇರ್ಲಿ" ಎಂದು ದೇವಿಕಾ ಹಸಿ ಹಿಕ್ಕೆಯನ್ನು ಪ್ರೀತಿಯಿಂದ ತುಂಬಿದ್ದಳು.

ಶುಕ್ರವಾರ ನೋಡಿದರೆ ಗೊಬ್ಬರದ ಕುಂಡದ ಪೈರೇ ಬಾಡಿ ಮಲಗಿತ್ತು. ಶಿವನೇ! ಮಮತಾ ಊಟದ ಡಬ್ಬಿ ಮುಚ್ಚಿಟ್ಟು ಶ್ರೀರಾಂಪುರದ ಗೆಳತಿ ಸಹನಾಗೆ ಫೋನ್ ಮಾಡಿದರು. ಸಹನಾ ತನ್ನ ಶಾಲೆಯಲ್ಲಿ ಈ ವಿಧಾನ ಮಾಡಿ ನೋಡಿದ್ದ ಟೀಚರ್.

"ಪಕ್ಕದ ಹೊಲದಿಂದ ಹಸಿರು ಪೈರು ತಂದು ನೆಟ್ಟುಬಿಡ್ತೀನಿ ಕಣೇ. ಯಾರಿಗೂ ಗೊತ್ತಾಗಲ್ಲ."

"ಮಕ್ಕಳಿಗೆ ಗೊತ್ತಾಗಲ್ವಾ?"

ಮಮತಾ ಬಾಡಿದ ಕುಂಡವನ್ನು ಹತ್ತಿರಕ್ಕೆ ಎಳೆದುಕೊಂಡರು.

"ಯಾಕೆ ಬಾಡ್ತು ಅಂತ ಅವರನ್ನೇ ಕೇಳು. ಉತ್ತರ ಬಾಯಿಗೆ ಬಂದ್ರೂ ನುಂಗ್ಕೋ. ಇದರಲ್ಲಿ ಯಾವ ಪಾಠ ಐತೆ ಅಂತ ಮಕ್ಕಳ ಮನೆಯವರಿಗೆ ಮೊದಲೇ ಹೇಳಿದ್ಯಾ?"

"ಇಲ್ಲ."

"ಅಲ್ಲೇ ತಪ್ಪಿದ್ದು ನೋಡು."

ಮಧ್ಯಾಹ್ನ ದೇವಿಕಾ ಕಣ್ಣು ತುಂಬಿಕೊಂಡು ಕೇಳಿದಳು: "ನಾನೇ ಸಾಯಿಸಿದ್ನಾ ಮಿಸ್?" ಉತ್ತರ ಮಮತಾ ನಾಲಿಗೆಯ ತುದಿಯಲ್ಲಿತ್ತು. ನುಂಗಿದರು. "ಯಾಕೆ ಹಿಂಗಾಯ್ತು? ನೀನೇ ಯೋಚಿಸ್ಕಂಡು ಬಾ."

ಆಮೇಲೆ ಅವರಿಗೇ ಸಮಾಧಾನವಿಲ್ಲ. ಮಗು ನಾಳೆ ಇಲ್ಲಿರುತ್ತೋ ಇಲ್ಲವೋ.

ಶನಿವಾರ ರಂಗಯ್ಯ, ಹೆಂಡತಿ ಕಾಳಕ್ಕ ಇಬ್ಬರೂ ಬಂದರು. ಬಾಡಿದ ಕುಂಡ ಮೇಜಿನ ಮೇಲೇ ಇತ್ತು.

"ಇದೇನ್ರಿ! ನಮ್ ಕುರಿ ಗೊಬ್ಬರದ ಹೆಸರೇ ಕೆಡಿಸಿದ್ರಲ್ಲ!"

"ಸುಮ್ಕಿರು, ಮಗು ಏನೋ ಹೇಳ್ತೈತೆ" ಎಂದರು ಕಾಳಕ್ಕ.

ದೇವಿಕಾ ಮುಂದೆ ಬಂದಳು. "ಅಪ್ಪ, ಹಸಿ ಹಿಕ್ಕೆ ಜಾಸ್ತಿ ಹಾಕ್ದೆ. ಅದಕ್ಕೇ ಸುಟ್ಟೋಯ್ತು. ನೀನು ದಿನಾ ಮಂದೆ ಜಾಗ ಬದಲಾಯಿಸ್ತೀಯಲ್ಲ, ಒಂದೇ ಕಡೆ ನಿಲ್ಸಿದ್ರೆ ಹೊಲಾನೂ ಹಿಂಗೇ ಆಗ್ತೈತೆ ಅಂತ ತಾನೇ?"

ರಂಗಯ್ಯ ಹೆಗಲ ಕಂಬಳಿ ಸರಿಪಡಿಸಿಕೊಂಡರು. "ನಮ್ಮಪ್ಪ ಬದಲಾಯಿಸ್ತಿದ್ದ, ನಾನೂ ಬದಲಾಯಿಸ್ತೀನಿ. ಯಾಕೆ ಅಂತ ಒಂದಿನಾನೂ ಕೇಳಿರ್ಲಿಲ್ಲ ಕಣವ್ವ."

"ಈಗ ಹೊಸ ಕುಂಡ ಮಾಡ್ತೀವಿ. ಕಾಲು ಭಾಗ ಹಳೇ ಗೊಬ್ಬರ, ಮುಕ್ಕಾಲು ಭಾಗ ಮಣ್ಣು. ಇದೇ ಭಿನ್ನರಾಶಿ ಲೆಕ್ಕ!" ಎಂದಳು ದೇವಿಕಾ.

ಮಮತಾ ಪುಸ್ತಕ ತೆರೆದು ಲೆಕ್ಕದ ಪಾಠ, ಸಸ್ಯದ ಪಾಠ ಎರಡನ್ನೂ ತೋರಿಸಿದರು. "ಇದನ್ನ ಮೊದಲೇ ನಿಮಗೆ ಹೇಳಬೇಕಿತ್ತು ರಂಗಯ್ಯನೋರೆ."

"ಟಿ.ಸಿ. ಏನ್ ಮಾಡಾಣ?" ಕಾಳಕ್ಕ ಗಂಡನನ್ನು ಚುಚ್ಚಿದರು.

"ತಡಿಯೇ, ಹೊಸ ಕುಂಡ ಮೊಳೀಲಿ. ಹಳೇ ಗೊಬ್ಬರ ನಾನೇ ತಂದ್ಕೊಡ್ತೀನಿ."

ಟೀಚರುಗಳೇ, ಮೇಷ್ಟ್ರುಗಳೇ, ಪ್ರಶ್ನೆ ಮಕ್ಕಳದಾಗಿರಲಿ. ಉತ್ತರಕ್ಕೆ ಅವಸರ ಬೇಡ. ಏನು ಮಾಡಿಸುತ್ತಿದ್ದೀರಿ, ಯಾಕೆ ಎಂದು ಮನೆಯವರಿಗೆ ಮೊದಲೇ ಹೇಳಿ. ಅಪ್ಪ ಅಮ್ಮಂದಿರೇ, ಸಿಟ್ಟಾಗುವ ಮುನ್ನ ಒಮ್ಮೆ ಶಾಲೆಗೆ ಬಂದು ನೋಡಿ. ಬಿತ್ತಿದ್ದು ಬಾಡಿದರೂ ಕಲಿತದ್ದು ಬಾಡದು.