ನಾಲ್ಕನೆಯ ದಿನ ತೆರೆದ ಬಾಗಿಲು

ಖಂಡಪ್ಪನ ಮಗ ಅಂಬರೇಶ ನಾಲ್ಕು ದಿನಗಳಿಂದ ಓಣಿಯಲ್ಲಿ ಕಾಣಿಸಿರಲಿಲ್ಲ. ಕೇಳಿದವರಿಗೆ ತಾಯಿ ಬಸ್ಸಮ್ಮ, "ಚಿಂಚೋಳಿಗಿ ಅವರ ಮಾವನ ಬಲ್ಲಿ ಹೋಗ್ಯಾನ್ರಿ" ಎನ್ನುತ್ತಿದ್ದಳು. ಅವನು ಇದ್ದದ್ದು ಅದೇ ಮನೆಯ ಹಿಂದಿನ ಖೋಲಿಯಲ್ಲಿ. ಹೊರಗಿನಿಂದ ಕೀಲಿ ಹಾಕಲಾಗಿತ್ತು. ಕೀಲಿಕೈ ಖಂಡಪ್ಪನ ಉಡುದಾರದಲ್ಲಿತ್ತು.

ಅಂಬರೇಶನಿಗೆ ಇಪ್ಪತ್ತೆರಡು ವರ್ಷ. ಶಹಾಬಾದ ಸಮೀಪದ ಗಣಿಯಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಎಬ್ಬಿಸಿ ಲಾರಿಗೆ ಹೇರುವ ಕೆಲಸ. ಎರಡು ವರ್ಷಗಳ ಹಿಂದೆ ಸೊಂಟ ಹಿಡಿದಾಗ ಜೊತೆಯ ಕೆಲಸಗಾರನೊಬ್ಬ ಗುಳಿಗೆ ಕೊಟ್ಟ. ವೈದ್ಯರ ಚೀಟಿ ಇರಲಿಲ್ಲ. ನೋವು ಹೋಯಿತು, ಮನಸ್ಸೂ ಹಗುರಾಯಿತು. ಗಣಿಯಲ್ಲಿ ಅದಕ್ಕೆ 'ಶಕ್ತಿ ಗುಳಿಗಿ' ಎಂದು ಹೆಸರು. ಆ ಹೆಸರನ್ನು ನಂಬಿದ ಬಸ್ಸಮ್ಮ ತಾನೇ ಅದನ್ನು ರೊಟ್ಟಿಯ ಗಂಟಿನೊಳಗೆ ಇಟ್ಟು ಕಳುಹಿಸುತ್ತಿದ್ದಳು. ಒಂದು ಸಾಲದಾಯಿತು. ಎರಡಾಯಿತು, ನಾಲ್ಕಾಯಿತು, ಎಂಟಾಯಿತು. ಗುಳಿಗೆ ತಪ್ಪಿದ ದಿನ ಮೈ ನಡುಗುತ್ತಿತ್ತು; ದುಡಿಮೆಯ ದಣಿವೆಂದು ತಾಯಿ ತಿಳಿದಳು.

ಅದು ಚಟವೆಂಬ ನಿಜ ತಿಳಿದಾಗ ಖಂಡಪ್ಪ ಮಗನನ್ನು ಖೋಲಿಯಲ್ಲಿ ಕೂಡಿ ಕೀಲಿ ಹಾಕಿದ. ಶುಕ್ರವಾರ ಮಗಳು ರಾಧಿಕಾಳನ್ನು ನೋಡಲು ಚಿತ್ತಾಪುರದಿಂದ ಗಂಡಿನವರು ಬರುವವರಿದ್ದರು. ಅಷ್ಟರೊಳಗೆ ಚಟ ಬಿಡಿಸಬೇಕೆಂಬುದು ಅವನ ಹಟ.

ಗುರುವಾರ ಮುಂಜಾನೆ ಆಶಾ ಕಾರ್ಯಕರ್ತೆ ಹಸೀನಾಬೇಗಂ ಮನೆಗೆ ಬಂದರು. ಕರೆದವಳು ರಾಧಿಕಾ.

"ಇವರನ್ನ ಯಾಕ ಕರದಿ?" ಖಂಡಪ್ಪ ಮಗಳ ಮೇಲೆ ಸಿಡುಕಿದ. "ನಾಳಿ ಗಂಡಿನೋರು ಬರ್ತಾರ. ಓಣಿ ತುಂಬ ಡಂಗುರ ಹೊಡಸ್ತಿಯೇನು?"

"ಕಾಕಾ, ಮೂರು ವರ್ಷದ ಹಿಂದ ನಿಮ್ಮನ್ನ ಯಾವ ತ್ರಾಸಿಗಿ ದವಾಖಾನಿಗಿ ಒಯ್ದೆ, ನೆಪ್ಪ ಅದ ಇಲ್ಲ?" ಎಂದರು ಹಸೀನಾಬೇಗಂ. "ಇವತ್ತಿನ ತನ ಬಸ್ಸಮ್ಮಗರೆ ಹೇಳೀನೇನು? ಇದೂ ಹಂಗೇ ನನ್ನ ಬಲ್ಲೇ ಇರ್ತದ."

ಬಸ್ಸಮ್ಮ ಗಂಡನ ಮುಖ ನೋಡಿದಳು. ಖಂಡಪ್ಪ ನೆಲ ನೋಡಿದ.

"ಅವ ಈಗ ಆರಾಮ ಆಗಲಕತ್ತಾನ," ಎಂದ. "ವಾಂತಿ ನಿಂತದ. ಇನ್ನೊಂದು ದಿನ ಕುಂತರ ಚಟ ಬಿಡ್ತದ."

"ವಾಂತಿ ನಿಲ್ತದ, ಆಸಿ ನಿಲ್ಲಲ್ಲ. ಇದು ಜಡ್ಡು ಕಾಕಾ, ಜಡ್ಡಿಗಿ ಔಷಧ ಬೇಕು. ಕೀಲಿ ತೆಗದ ದಿನ ಅವ ಗಣಿಗಿ ಹೋದರ? ಮೊದಲಿನಂಗ ಎಂಟು ಗುಳಿಗಿ ನುಂಗತಾನ. ಮೈಗಿ ಈಗ ಆ ಎಂಟು ತಾಳೋ ತಾಕತ್ತಿಲ್ಲ. ಉಸಿರೇ ನಿಂತರ ಏನ್ ಮಾಡ್ತೀರಿ?"

ಬಸ್ಸಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. "ಯಕ್ಕಾ, ನಾನೇ ಕಟ್ಟಿ ಕಳಸೀನಿ. ಶಕ್ತಿ ಬರ್ತದಂತ ನನ್ನ ಕೈಲೆ..."

"ನಿಮಗ ಹೇಳೋರು ಇರಲಿಲ್ಲ ಬಸ್ಸಮ್ಮ. ಈಗ ನಾ ಹೇಳಲಕತ್ತೀನಿ."

ಆಗ ಖೋಲಿಯೊಳಗಿನಿಂದ ಅಂಬರೇಶನ ಧ್ವನಿ ಬಂತು.

"ಅಪ್ಪಾ, ಹಸೀನಾ ಅಕ್ಕ ಅಂದದ್ದು ಖರೆ ಅದ. ನೀ ಬಾಗಲಾ ತೆಗದ ಕೂಡ್ಲೆ ಗಣಿಗಿ ಓಡಬೇಕಂತ ನಿನ್ನಿಯಿಂದ ಅದೇ ವಿಚಾರ ಮಾಡಲಕತ್ತೀನಿ. ನನಗ ಅಂಜಿಕಿ ಬರಲಕತ್ತದ."

ಖಂಡಪ್ಪನ ಕೈ ಉಡುದಾರದ ಕೀಲಿಕೈಗೆ ಹೋಯಿತು.

"ನಾಳಿ ಅವರು ಕೇಳಿದ್ರ?" ಖಂಡಪ್ಪ ಕೊನೆಗೆ ಮಗಳತ್ತ ತಿರುಗಿ ಕೇಳಿದ.

"ಅಣ್ಣ ದವಾಖಾನ್ಯಾಗ ಅದಾನಂತ ಹೇಳು. ಹೊಳ್ಳಿ ಹೋಗೋರಿದ್ದರ ಹೋಗ್ಲಿ," ಎಂದಳು ರಾಧಿಕಾ. "ಅವನ ಮಣ್ಣಿಗಿ ಮಂದಿ ಕೂಡೋದು ಬ್ಯಾಡಪಾ."

ಖಂಡಪ್ಪ ಕೀಲಿ ತೆಗೆದ. ಆ ದಿನವೇ ನಾಲ್ವರೂ ಹಸೀನಾಬೇಗಂ ಜೊತೆ ತಾಲೂಕು ಆಸ್ಪತ್ರೆಗೆ ಹೋದರು. ವೈದ್ಯರು ಮೊದಲು ಅಂಬರೇಶನೊಬ್ಬನನ್ನೇ ಕೂರಿಸಿ ಮಾತಾಡಿದರು. ಗುಳಿಗೆಯ ಗೀಳಿಗೂ ಸೊಂಟದ ನೋವಿಗೂ ಚಿಕಿತ್ಸೆ ಆರಂಭವಾಯಿತು. ಎರಡನೆಯ ತಿಂಗಳಲ್ಲಿ ಅವನು ಒಮ್ಮೆ ಮತ್ತೆ ಆ ಗುಳಿಗೆ ನುಂಗಿದ; ಮರುದಿನ ತಾನೇ ಹೋಗಿ ವೈದ್ಯರಿಗೆ ತಿಳಿಸಿದ. ಅವರು ಬೈಯಲಿಲ್ಲ, ಚಿಕಿತ್ಸೆ ಮುಂದುವರಿಸಿದರು. ಶುಕ್ರವಾರ ಬಂದ ಗಂಡಿನವರು ವಿಷಯ ಕೇಳಿ "ವಿಚಾರ ಮಾಡಿ ತಿಳಸ್ತೀವಿ" ಎಂದು ಹೋದವರು ಇನ್ನೂ ತಿಳಿಸಿಲ್ಲ. ಅಂಬರೇಶ ಬದುಕಿದ್ದಾನೆ.

ತಂದೆ-ತಾಯಂದಿರೇ, ಮಕ್ಕಳನ್ನು ಕೂಡಿಹಾಕಬೇಡಿ, ಹೊಡೆಯಬೇಡಿ. ಚೀಟಿಯಿಲ್ಲದ ಗುಳಿಗೆಯನ್ನು ಯಾರೇ ಕೊಟ್ಟರೂ, ಅದಕ್ಕೆ ಯಾವ ಹೆಸರೇ ಇದ್ದರೂ, ಮನೆಯೊಳಗೆ ತರಬೇಡಿ. ಗುಳಿಗೆ ನುಂಗಿದವರು ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ, ಕೂಡಲೇ 108ಕ್ಕೆ ಕರೆ ಮಾಡಿ.

ಯುವಕರೇ, ಈಗಾಗಲೇ ಅಭ್ಯಾಸವಾಗಿದ್ದರೆ ಒಬ್ಬರೇ ಹೆಣಗಬೇಡಿ. ವ್ಯಸನಮುಕ್ತಿ ಸಹಾಯವಾಣಿ 14446. ಮನಸ್ಸಿನ ಸಂಕಟಕ್ಕೆ 14416. ಅಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು. ಎರಡೂ ಉಚಿತ. ಈ ಹಾಳೆಯನ್ನು ಯಾರಿಗೂ ಕಾಣದಂತೆ ಮಡಚಿ ಜೇಬಿನಲ್ಲಿ ಇಟ್ಟುಕೊಂಡರೂ ಆದೀತು. ಕರೆಯನ್ನು ಮಾತ್ರ ಇಂದೇ ಮಾಡಿ.