ನೀರು ಕುಡಿಯುವ ಬಂದೂಕು

ನಾನು ಒಂದು ಮಷಿನ್ ಗನ್. ಹುಟ್ಟಿದ್ದು ಇಂಗ್ಲೆಂಡಿನ ಒಂದು ಕಾರ್ಖಾನೆಯಲ್ಲಿ. ನಿಮಿಷಕ್ಕೆ ನೂರಾರು ಗುಂಡು ಹಾರಿಸುತ್ತೇನೆಂದು ನನ್ನನ್ನು ಮಾಡಿದವರಿಗೆ ಭಾರೀ ಹೆಮ್ಮೆ. ನನ್ನ ಬಾಯಾರಿಕೆಯ ವಿಷಯ ಮಾತ್ರ ಯಾರೂ ಜೋರಾಗಿ ಹೇಳುತ್ತಿರಲಿಲ್ಲ. ಗುಂಡು ಹಾರಿದಂತೆ ನನ್ನ ನಳಿಗೆ ಕಾಯುತ್ತದೆ. ಅದನ್ನು ತಣಿಸಲು ಸುತ್ತಲೂ ನೀರು ತುಂಬಬೇಕು. ಆ ನೀರು ಕುದಿದು ಆವಿಯಾಗಿ, ರಬ್ಬರ್ ಕೊಳವೆಯಲ್ಲಿ ಹಾದು, ಪಕ್ಕದ ಡಬ್ಬದಲ್ಲಿ ಮತ್ತೆ ನೀರಾಗುತ್ತದೆ. ಅದನ್ನೇ ಮತ್ತೆ ನನಗೆ ಕುಡಿಸುತ್ತಾರೆ.

ಮೊದಲನೆಯ ಮಹಾಯುದ್ಧದಲ್ಲಿ ನಾನು ಪ್ಯಾಲೆಸ್ತೀನಿಗೆ ಹೋದೆ, ಮೈಸೂರು ಸೀಮೆಯ ಕುದುರೆ ಸವಾರರ ಜೊತೆ. ನನಗೆ ನೀರು ಕುಡಿಸುವ ಕೆಲಸ ಚೆನ್ನೋಜಿಯದು. ಗುಂಡಿನ ಪಟ್ಟಿ ಉಣಿಸುವವನು ಗನಿ, ಅವನ ಜೀವದ ಗೆಳೆಯ, ಒಂದೇ ಬೀದಿಯವನು.

"ಇದರ ಬದ್ಲು ಎಮ್ಮೆ ಸಾಕಿದ್ರೆ ಹಾಲಾದ್ರೂ ಕೊಡ್ತಿತ್ತು ಕಣೋ ಚೆನ್ನ" ಎಂದು ಗನಿ ನನ್ನನ್ನು ರೇಗಿಸುತ್ತಿದ್ದ. ಅವನೆಂದರೆ ನನಗೆ ತುಂಬಾ ಇಷ್ಟ.

ಒಂದು ಮಧ್ಯಾಹ್ನ, ಒಣ ಗುಡ್ಡವೊಂದರ ಮೇಲೆ, ಗನಿಯ ಹೊಟ್ಟೆಗೆ ಗುಂಡು ಬಿತ್ತು. ಎಲ್ಲರ ಬಾಟಲಿಗಳೂ ಬೆಳಿಗ್ಗೆಯೇ ಬರಿದಾಗಿದ್ದವು. ನೀರಿದ್ದದ್ದು ನನ್ನ ಡಬ್ಬದಲ್ಲಿ ಮಾತ್ರ.

"ಚೆನ್ನ, ಒಂದ್ ಗುಟುಕು ಕೊಡೋ" ಎಂದ ಗನಿ.

ಚೆನ್ನೋಜಿ ತುಕಡಿಯ ಮೇಲಿನವರಾದ ದಫೇದಾರರ ಮುಖ ನೋಡಿದ. "ಸಾಹೇಬ್ರೇ, ಒಂದೇ ಒಂದು ಗುಟುಕು."

"ಅದು ಬಂದೂಕಿನ ನೀರು ಕಣಯ್ಯಾ. ಇದು ನಿಂತ್ರೆ ನಮ್ಮಲ್ಲಿ ಒಬ್ರೂ ಉಳಿಯಲ್ಲ. ಹುಯ್ಯಿ."

ಚೆನ್ನೋಜಿ ನನಗೆ ಹುಯ್ದ. ನನಗೆ ಬೇಡ, ಅವನಿಗೆ ಕೊಡಿ ಎಂದು ಕೂಗಬೇಕೆನಿಸಿತು. ನನಗಿದ್ದ ಬಾಯಿಗೆ ಗುಂಡು ಉಗುಳುವುದೊಂದೇ ಗೊತ್ತು. ಉಗುಳುತ್ತಲೇ ಇದ್ದೆ. ಎದುರಿನ ಗುಡ್ಡದಲ್ಲಿ ಬಿದ್ದವರೂ ಯಾರನ್ನೋ ನೀರು ಕೇಳಿರಬೇಕು.

ಸಂಜೆಗೆ ಎಲ್ಲ ನಿಂತಿತು. ಗನಿ ಅಷ್ಟರಲ್ಲಿ ತೀರಿಕೊಂಡಿದ್ದ. ಚೆನ್ನೋಜಿ ಡಬ್ಬದ ಮುಚ್ಚಳ ತೆಗೆದು ಅಲ್ಲೇ ಕುಸಿದು ಕೂತ. ಒಳಗೆ ಅರ್ಧ ಡಬ್ಬ ನೀರು ಉಳಿದಿತ್ತು. ಉಳಿದವರು ಅದರಲ್ಲಿ ಚಹಾ ಕಾಯಿಸಿದರು. ಅವನು ಮುಟ್ಟಲಿಲ್ಲ.

ಯುದ್ಧ ಮುಗಿದ ಮೇಲೆ ನನ್ನನ್ನು ಮೈಸೂರಿಗೆ ತಂದು, ರಸ್ತೆ ಬದಿಯ ಬೇವಿನ ಮರದ ಕೆಳಗೆ ಕಟ್ಟೆ ಕಟ್ಟಿ ಕೂರಿಸಿದರು. ಈಗ ಮೈಯೆಲ್ಲ ತುಕ್ಕು. ಪಿಂಚಣಿ ಪಡೆದ ಚೆನ್ನೋಜಿ ಪ್ರತಿ ಬೇಸಿಗೆಯಲ್ಲೂ ಅದೇ ಮರದಡಿ ಅರವಟ್ಟಿಗೆ ಇಡುತ್ತಾನೆ. ಬಂದವರ ಬೊಗಸೆಗೆ ನೀರು ಹುಯ್ಯುತ್ತಾನೆ. ಮಡಕೆಯಲ್ಲಿ ನೀರು ಉಳಿದರೆ ಮನೆಗೆ ಹೋಗುವುದಿಲ್ಲ. ರಸ್ತೆಗಿಳಿದು, "ಬನ್ನಿ ಅಣ್ಣ, ಬಾರಮ್ಮ, ಒಂದ್ ಗುಟುಕು ಕುಡ್ಕೊಂಡ್ ಹೋಗಿ" ಎಂದು ಅಂಗಲಾಚುತ್ತಾನೆ. ಜನ ಮುದುಕನಿಗೆ ಅರಳುಮರಳು ಎನ್ನುತ್ತಾರೆ.

ನಿನ್ನೆ ಎಷ್ಟು ಕರೆದರೂ ಯಾರೂ ಬರಲಿಲ್ಲ. ಒಂದು ತಂಬಿಗೆಯಷ್ಟು ಉಳಿದುಬಿಟ್ಟಿತು. ಅವನು ಅದನ್ನು ಹಿಡಿದು ನನ್ನ ಮುಂದೆ ಬಂದು ನಿಂತ.

"ನಿಂಗೆ ಕೊಡಲ್ಲ" ಎಂದ. ಬೇವಿನ ಬುಡಕ್ಕೆ ಹುಯ್ದು, ಕಣ್ಣೊರೆಸಿಕೊಂಡು ಹೋದ.

ನನಗೆ ಬೇಸರವಾಗಲಿಲ್ಲ. ಆ ಮಾತನ್ನು ಅವತ್ತೇ ಯಾರಾದರೂ ನನಗೆ ಹೇಳಬೇಕಿತ್ತು.