ಮೂರನೆಯ ಪ್ರಕಟಣೆ

ಮುನವಳ್ಳಿ ಕಡೆಯ ಆ ಸಣ್ಣ ಚರ್ಚಿನಲ್ಲಿ ಮದುವೆಯ ಪ್ರಕಟಣೆಯನ್ನು ಮೂರು ಭಾನುವಾರ ಓದುತ್ತಾರೆ. ಓದಿದ ಮೇಲೆ, ಈ ಮದುವೆಗೆ ಅಡ್ಡಿಯಿದೆ ಎನ್ನುವವರು ಎದ್ದು ಹೇಳಲಿ ಎಂದು ಪಾದ್ರಿ ಅಯ್ಯನವರು ಕೇಳುತ್ತಾರೆ. ಯಾರೂ ಏಳುವುದಿಲ್ಲ. ಸಭೆಗೆ ನೆನಪಿದ್ದಂತೆ ಹಾಗೆ ಎದ್ದವನು ಒಬ್ಬನೇ, ಸಭೆಯ ಹಿರಿಯ ಲಗಮಣ್ಣ.

ಅದು ಆರು ವರ್ಷದ ಹಿಂದಿನ ಮಾತು. ಅಂದು ಓದಿದ್ದು ಎಸ್ತೇರವ್ವನ ಮಗಳು ಕರುಣಾಳ ಪ್ರಕಟಣೆ. ಹುಡುಗನಿಗೆ ದೀಕ್ಷಾಸ್ನಾನವಾಗಿಲ್ಲ ಎಂದು ಲಗಮಣ್ಣ ಗಂಟಲು ಸರಿಮಾಡಿಕೊಂಡು ಹೇಳಿದ. ದೀಕ್ಷಾಸ್ನಾನವಾಗದವರಿಗೆ ಆ ಚರ್ಚಿನಲ್ಲಿ ಮದುವೆ ಮಾಡುವುದಿಲ್ಲ. ಹೇಳಿದ್ದು ನಿಜವೇ, ಹೇಳಿದ ರೀತಿ ಮಾತ್ರ ಕಳ್ಳನನ್ನು ಹಿಡಿದುಕೊಟ್ಟಂತಿತ್ತು. ಕರುಣಾ ಕಚೇರಿಯಲ್ಲಿ ರಿಜಿಸ್ಟರ್ ಮದುವೆಯಾಗಿ ದೊಡವಾಡ ಸೇರಿದಳು. ಚರ್ಚಿನ ಮೆಟ್ಟಿಲು ಮತ್ತೆ ತುಳಿಯಲಿಲ್ಲ. ಎಸ್ತೇರವ್ವ ಲಗಮಣ್ಣನೊಡನೆ ಮಾತು ಬಿಟ್ಟಳು. ಮನಸ್ಸಿನಲ್ಲಿ ಜಗಳ ಇಟ್ಟುಕೊಂಡು ಪ್ರಭುಭೋಜನ ಮುಟ್ಟಬಾರದೆಂದು, ರೊಟ್ಟಿ ಹಂಚುವ ಹೊತ್ತಿಗೆ ಎದ್ದು ಹೊರಗೆ ನಿಲ್ಲುತ್ತಿದ್ದಳು. ಲಗಮಣ್ಣನಿಗೆ ಅಂಥ ಸಂಕೋಚವೇನೂ ಇರಲಿಲ್ಲ.

ಈಗ, 1999ರಲ್ಲಿ, ಅವನ ಮಗಳು ರಾಣಿಯ ಸರದಿ. ವರ ಕಿತ್ತೂರಿನ ನೀಲಪ್ಪ. ಅವನ ಮನೆಯವರಿಗೆಲ್ಲ ದೀಕ್ಷಾಸ್ನಾನವಾದ ದಿನ ಹುಡುಗ ಹಾಸ್ಟೆಲಿನಲ್ಲಿದ್ದ. ಮುಂದೆ ಮಾಡಿಸಿದರಾಯಿತು ಎಂದವರು ಮರೆತೇಬಿಟ್ಟರು. ನಿಶ್ಚಯವಾದ ಮೇಲೆ ಇದು ಲಗಮಣ್ಣನ ಕಿವಿಗೆ ಬಿತ್ತು. ಮಹಾರಾಯ ಬಾಯಿಬಿಡಲಿಲ್ಲ. ಹೊಸದಾಗಿ ಬಂದಿದ್ದ ಅಯ್ಯನವರು ಪ್ರಮಾಣಪತ್ರ ಕೇಳಿದರೆ, ಇದೆ, ತರಿಸಿಕೊಡುತ್ತೇನೆ ಎಂದುಬಿಟ್ಟ.

ಆದರೆ ಎಸ್ತೇರವ್ವನ ತವರು ಕಿತ್ತೂರು, ಅದೂ ನೀಲಪ್ಪನ ಓಣಿಯೇ. ಮೊದಲೆರಡು ಭಾನುವಾರ ಅವಳು ಸುಮ್ಮನೆ ಕುಳಿತಿದ್ದಳು. ಮೂರನೆಯ ಪ್ರಕಟಣೆ ಮುಗಿಯುತ್ತಲೇ ಹೆಂಗಸರ ಸಾಲಿನಿಂದ ಎದ್ದು ನಿಂತಳು. ರಾಣಿ ಅಪ್ಪನ ಮುಖ ನೋಡಿದಳು.

"ಹುಡುಗಗ ದೀಕ್ಷಾಸ್ನಾನ ಆಗಿಲ್ರಿ, ಅಯ್ಯನವರ," ಅಂದಳು ಎಸ್ತೇರವ್ವ.

ಸಭೆಯಲ್ಲಿ ಗುಜುಗುಜು ಎದ್ದಿತು. ಹಾಗಾದರೆ ಇದು ತಕರಾರೇ ಎಂದು ಅಯ್ಯನವರು ಕೇಳಿದರು.

"ತಕರಾರಲ್ರಿ. ನಿನ್ನೆ ಕಿತ್ತೂರಿಗೆ ಹೋಗಿ ಹುಡುಗನ್ನ ಕೇಳಿ ಬಂದೇನಿ, ಒಪ್ಯಾನ. ಬರೋ ಐತವಾರ ದೀಕ್ಷಾಸ್ನಾನ ಕೊಡ್ರಿ. ಸಾಕ್ಷಿಗೆ ನಾ ನಿಂದರತೇನಿ. ಮದುವಿ ಗೊತ್ತಾದ ದಿನಾನ ಆಗಲಿ."

ಅಷ್ಟು ಹೇಳಿ ಕುಳಿತಳು. ಇಪ್ಪತ್ತು ವರ್ಷ ಅದೇ ಸಭೆಗೆ ಬೈಬಲ್ ಓದಿ ಹೇಳಿದವನು ಲಗಮಣ್ಣ. ಓದಿದ್ದು ಒಂದು ದಿನ ಹಳೆಯ ಇಳಕಲ್ ಸೀರೆಯುಟ್ಟು ತನ್ನೆದುರಿಗೆ ಎದ್ದು ನಿಂತೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ. ದೇವರು ಇಷ್ಟು ಹತ್ತಿರ ಬಂದಿದ್ದಾನೆ ಅನ್ನಿಸಿ ಅವನಿಗೆ ಹೆದರಿಕೆಯಾಯಿತು. ಆರು ವರ್ಷದ ಹಿಂದೆ ತಾನೂ ಎದ್ದು ನಿಂತು ಇವೇ ನಾಲ್ಕು ಮಾತು ಆಡಬಹುದಿತ್ತು ಎಂಬುದು ಆಗ ಅವನಿಗೆ ತಿಳಿಯಿತು.

ಆರಾಧನೆ ಮುಗಿದ ಮೇಲೆ ಅವಳೆದುರು ಹೋಗಿ ಕೈಮುಗಿದ. ತಪ್ಪಾಯಿತು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಎಸ್ತೇರವ್ವ ತಡೆದಳು.

"ನನ್ನ ಮುಂದ ಹೇಳಬ್ಯಾಡ್ರಿ, ಲಗಮಣ್ಣಾರ. ಈಗ ಬಸ್ ಹತ್ತಿದರ ಸಂಜಿಗೆ ದೊಡವಾಡ ಮುಟ್ಟತೀರಿ."

ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಕರುಣಾ ಬಾಗಿಲಲ್ಲಿ ಕಾಣಿಸಿಕೊಂಡಾಗ ಅವುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಒಳಗೆ ಬನ್ನಿ ಎಂದು ಅವಳು ಕರೆಯಲಿಲ್ಲ. ಲಗಮಣ್ಣ ಚಪ್ಪಲಿ ಬಿಟ್ಟು ಅಂಗಳದಲ್ಲೇ ನಿಂತ.

"ಅವತ್ತ ನಿನ್ನ ಗಂಡನ ಸಾಕ್ಷಿಗೆ ನಾ ನಿಂದರಬೇಕಿತ್ತವಾ," ಅಂದ. "ನಿಂದರಲಿಲ್ಲ."

ಕರುಣಾ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.